ಸವಾಯಿ ಗಂಧರ್ವ: ನೀವು ಥಂಡಿಯಲ್ಲಿ ಕೂತು ಕೇಳಿದ್ದರಲ್ಲಿ ಮರೆಯಲಾಗದ್ದು ಯಾವುದು?

ಕೋಥರೂಡ ಕನ್ನಡತಿ | ನವೆಂಬರ್ 21, ರಾತ್ರಿ 9:40

ಪುಣೆಯ ಡಿಸೆಂಬರ್ ಸಂಗೀತೋತ್ಸವ ಸವಾಯಿ ಗಂಧರ್ವದ ಈ ವರ್ಷದ ಪಾಸು ಕೈಗೆ ಬಂತು. ನೆಲದ ಬೈಠಕ್ಕಿನದೇ, ಕುರ್ಚಿಯದಲ್ಲ. ಮೊಣಕಾಲು ಬೇಡ ಬೇಡ ಅನ್ನುತ್ತಿದೆ, ಆದರೆ ಒಮ್ಮೆ ಕುರ್ಚಿ ಹತ್ತಿದರೆ ಮತ್ತೆ ಇಳಿಯುವುದಿಲ್ಲ ಎಂದು ಗೊತ್ತು.

ಪುಣೆಗೆ ಬಂದು ಹತ್ತೊಂಬತ್ತು ವರ್ಷ. ಕೋವಿಡ್‌ನ ಎರಡು ಖಾಲಿ ಡಿಸೆಂಬರ್, ನನ್ನ ಬಾಣಂತನದ ಒಂದು ಡಿಸೆಂಬರ್ ಬಿಟ್ಟರೆ ಸವಾಯಿ ತಪ್ಪಿಸಿಲ್ಲ. ನಿನ್ನೆ ಮಗಳು "ಅಮ್ಮಾ, ಇಷ್ಟು ವರ್ಷ ಕೇಳಿದೆಯಲ್ಲ, ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಯಾವುದು?" ಎಂದಳು. ಬಾಯಿಗೆ ಹತ್ತು ಹೆಸರು ಬಂದವು. ಹತ್ತನ್ನೂ ನುಂಗಿಕೊಂಡೆ. ಯಾಕೆಂದರೆ ಕಣ್ಣ ಮುಂದೆ ಬಂದದ್ದು ಒಂದೇ.

2007. ರಮಣಬಾಗ ಶಾಲೆಯ ಮೈದಾನ. ಭೀಮಸೇನ ಜೋಶಿಯವರು ಕೆಲವು ವರ್ಷದಿಂದ ಆರೋಗ್ಯ ಕೈಕೊಟ್ಟು ಹಾಡಿರಲಿಲ್ಲ. ಈ ಸಲ ಹಾಡುತ್ತಾರಂತೆ, ಇಲ್ಲವಂತೆ, ಸುಮ್ಮನೆ ಬಂದು ಕೂರುತ್ತಾರಂತೆ ಎಂದು ಚಹಾದ ಸಾಲಿನಲ್ಲೆಲ್ಲ ಅದೇ ಗುಸುಗುಸು. ನಾನು ಊರಿಗೇ ಹೊಸಬಳು. ಗದಗ ಜಿಲ್ಲೆಯವಳು ಅನ್ನುವ ಒಂದೇ ಅರ್ಹತೆ ಇಟ್ಟುಕೊಂಡು ಹೋಗಿದ್ದೆ, ಅವರು ನಮ್ಮ ರೋಣದವರಲ್ಲವೇ. ಹಾಡಿದರು. ದನಿ ಮೊದಲಿನದಾಗಿರಲಿಲ್ಲ, ಅದು ನನ್ನಂಥವಳಿಗೂ ತಿಳಿಯಿತು. ಆದರೆ ಒಂದು ಕಡೆ ತಾನ್ (ವೇಗದ ಸ್ವರಸಾಲು) ಎತ್ತಲು ಹೋಗಿ, ಉಸಿರು ಸಾಲದೆ ಅರ್ಧಕ್ಕೆ ನಿಂತಾಗ, ಆ ಅರ್ಧವನ್ನು ಇಡೀ ಮೈದಾನ ತಲೆಯೊಳಗೇ ಪೂರ್ತಿ ಮಾಡಿಕೊಂಡಿತು. ನನಗೆ ಹಾಗನ್ನಿಸಿತು. ಪಕ್ಕದಲ್ಲಿದ್ದ ಮುದುಕಿ ನನ್ನ ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. ಯಾರ ಶಾಲು ಎಂಬ ಪರಿವೆ ಅವರಿಗಿರಲಿಲ್ಲ. ಅವರೆಂದೂ ನನಗೆ ಮತ್ತೆ ಸಿಗಲಿಲ್ಲ.

ಈಗ ನಿಮ್ಮ ಸರದಿ. ಒಂದೇ ಷರತ್ತು: ಯೂಟ್ಯೂಬಿನಲ್ಲಿ ಕೇಳಿದ್ದು ಬೇಡ. ಅಲ್ಲಿ ಕೂತು, ಮೂಗು ಸೋರಿಸಿಕೊಂಡು ಕೇಳಿದ್ದು ಮಾತ್ರ.

ಮಿರಜ ಮೀಟರ್‌ಗೇಜ್ | ನವೆಂಬರ್ 21, ರಾತ್ರಿ 11:05

ಅಕ್ಕಾರ, ಬಾಗಲಾ ನೀವು ತೆಗದೀರಿ, ಇನ್ನ ನಮ್ಮನ್ನ ಹೊರಗ ಹಾಕೂದು ಕಷ್ಟ ಅದ.

ನಾ ಮೊದಲನೇ ಸಲ ಹೋಗಿದ್ದು 1978ರಾಗ, ಕಾಲೇಜಿನ ಹುಡುಗ ಇದ್ದೆ. ಕರಕೊಂಡು ಹೋದಾಂವ ನಮ್ಮ ಕಾಕಾ. ಧಾರವಾಡದಾಗ ಕನ್ನಡ ಸಾಲಿ ಮಾಸ್ತರಿಕಿ, ಕಿಸೆದಾಗ ರೊಕ್ಕ ಇಲ್ಲ, ಕಿವಿಗೆ ಮಾತ್ರ ಭಾಳ ಶ್ರೀಮಂತಿಕಿ. ಆವಾಗ ನಮ್ಮ ಕಡೆಯಿಂದ ಮಿರಜದ ತನಕ ಮೀಟರ್‌ಗೇಜ್. ಮಿರಜದಾಗ ಇಳದು, ಹಾಸಗಿ ಸುತ್ತಿ ಹೆಗಲ ಮ್ಯಾಲ ಹಾಕ್ಕೊಂಡು ದೊಡ್ಡ ಗೇಜಿನ ಗಾಡಿಗೆ ಓಡಬೇಕು. ಎಲ್ಲಾರೂ ಜಾಗಾ ಹಿಡ್ಯಾಕ ಓಡಿದ್ರ ನಮ್ಮ ಕಾಕಾ ಫಲಾಟಿನ ಮ್ಯಾಲ ನಿಂತು ಊರ ಕಡೆ ಮುಖ ಮಾಡಿ ಕೈ ಮುಗೀತಿದ್ದ. "ಕರೀಮ್ ಖಾನ್ ಸಾಹೇಬರು ಇಲ್ಲೇ ದರ್ಗಾದಾಗ ಮಲಗ್ಯಾರ. ನಮ್ಮ ರಾಮಭಾವೂಗ ಅವರು ಗುರು. ಗುರುವಿನ ಗುರುವಿಗೆ ಹೇಳದ ಮುಂದ ಹೋದ್ರ ಹಾಡು ಕಿವಿಗೆ ಹತ್ತೂದಿಲ್ಲ" ಅಂತಿದ್ದ. ಅಷ್ಟೊತ್ತಿಗೆ ಜಾಗಾ ಹೋಗಿರತಿತ್ತು. ಪುಣೆ ತನಕ ನಿಂತೇ ಹೋಗೂದು.

ಹೊಸಬರಿಗೆ ಗೊತ್ತಿರಲಿಕ್ಕಿಲ್ಲ ಅಂತ ಹೇಳ್ತೀನಿ. ರಾಮಭಾವು ಕುಂದಗೋಳಕರ ಅಂದ್ರ ಸವಾಯಿ ಗಂಧರ್ವರು. ಮರಾಠಿ ನಾಟಕದಾಗ ಬಾಲಗಂಧರ್ವರ ಹೆಸರು ಗರ್ಜಿಸೋ ಕಾಲದಾಗ ಇವರಿಗೆ ಸಿಕ್ಕ ಬಿರುದು. ಸವಾಯಿ ಅಂದ್ರ ಒಂದೂಕಾಲು. ಅಂದ್ರ ಒಬ್ಬ ಗಂಧರ್ವನಕಿಂತ ಕಾಲು ಪಾಲು ಹೆಚ್ಚು! 1952ರಾಗ ತೀರಿಕೊಂಡ್ರು. ಮರುವರ್ಷ, 1953ರಾಗ, ಶಿಷ್ಯ ಭೀಮಣ್ಣ, ಅಂದ್ರ ಭೀಮಸೇನ ಜೋಶಿ, ಪುಣೆದಾಗ ಗುರುವಿನ ನೆನಪಿಗೆ ಹಾಡಿಸಾಕ ಸುರು ಮಾಡಿದ್ದೇ ಈ ಉತ್ಸವ.

ಆವಾಗ ಇಡೀ ರಾತ್ರಿ ಹಾಡು. ಸಂಜಿಗೆ ಕೂತ್ರ ಬೆಳಗ ಹರಿಯೂ ತನಕ. ನಮ್ಮ ಗಂಟಿನಾಗ ಕಟಿ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ. ಮಗ್ಗಲಿನ ಮರಾಠಿ ಮಂದಿ ಥರ್ಮಾಸ್ ತೆಗದು ಚಹಾ ಕೊಟ್ರ ನಾವು ರೊಟ್ಟಿ ಮುರದು ಕೊಡ್ತಿದ್ವಿ. ನಡುರಾತ್ರಿ ದಾಟಿದ ಮ್ಯಾಲ ಅರ್ಧ ಮಂದಿ ಕೂತಲ್ಲೇ ಮಲಗತಿದ್ರು. ಮಲಗಿದವರ ಕಾಲು ದಾಟಿ ಹೋಗೂ ವಿದ್ಯಾ ಕಾಕಾನಿಂದ ಕಲತೆ.

ಮರೀಲಾರದ್ದು ಅಂದ್ರ ಗಂಗೂಬಾಯಿ ಹಾನಗಲ್ ಅವರದು. ಹಿಂದ ಮಗಳು ಕೃಷ್ಣಾ ತಂಬೂರಿ ಹಿಡದು ದನಿಗೂಡಿಸಾಕ ಕೂತಿದ್ರು. ಕೈ ಬೀಸೂದಿಲ್ಲ, ಮಾರಿ ಮುರಿಯೂದಿಲ್ಲ, ಮಂಗಳಾರತಿಗೆ ಕೂತ ಹಿರಿ ಹೆಣ್ಣುಮಗಳು ಕೂತಂಗ ಕೂತು, ಆ ಗಂಡುದನಿಯಿಂದ ಷಡ್ಜ ಹಚ್ಚಿದ್ರು ನೋಡ್ರಿ. ಮಲಗಿದ ಮಂದಿ ಎದ್ದು ಕೂತ್ರು. ಯಾರೂ ಎಬ್ಬಿಸಲಿಲ್ಲ. ನನ್ನ ಮುಂದಿನ ಸಾಲಿನಾಗ ಒಬ್ಬಾಂವ ಚಾದರಾ ಮಾರಿ ಮ್ಯಾಲಿಂದ ಸರಿಸಿ "ಯಾರು?" ಅಂದ. ಕಾಕಾ "ನಮ್ಮ ಹುಬ್ಬಳ್ಳಿಯಾಕಿ" ಅಂದ. ಅವರು ಇವನ ಸ್ವಂತ ಅಕ್ಕ ಇದ್ದಂಗ.

ಕೊನಿಗೆ ನಸಿಕಿನಾಗ ಭೀಮಣ್ಣ. ತೋಡಿ ರಾಗ ಹಾಡಿದ್ರು. ಸೂರ್ಯಾ ಪೆಂಡಾಲಿನ ತೂತಿನಾಗಿಂದ ಬಂದು ಅವರ ಮೊಣಕಾಲ ಮ್ಯಾಲ ಬಿತ್ತು. ಎಲ್ಲಾ ಮುಗದ ಮ್ಯಾಲ ಸವಾಯಿ ಗಂಧರ್ವರ ಹಳೇ ಭೈರವಿ ರೆಕಾರ್ಡ ಹಚ್ಚಿದ್ರು. ಆಮ್ಯಾಲ ಯಾರೂ ಹಾಡೂಹಂಗಿಲ್ಲ. ಕರಕರ ಅನ್ನೂ ಆ ಸಣ್ಣ ದನಿ ಕೇಳಕೋತ ಸಾವಿರಾರು ಮಂದಿ ಹಾಸಗಿ ಸುತ್ತತಾ ನಿಂತಿದ್ದು... ಅದನ್ನ ಹೆಂಗ ಹೇಳಲಿ. ಸುಮ್ಮನ ಇರ್ತೀನಿ.

ಜಯನಗರ ರಸಿಕ | ನವೆಂಬರ್ 22, ಬೆಳಿಗ್ಗೆ 7:15

ಓದಿ ಹೊಟ್ಟೆಕಿಚ್ಚಾಯಿತು ಸರ್. ಆದರೂ ಒಂದು ಮಾತು. ನಮ್ಮ ಚಾಮರಾಜಪೇಟೆ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಉತ್ಸವ 1939ರಿಂದ ನಡೀತಿದೆ, ನಿಮ್ಮದಕ್ಕಿಂತ ಹದಿನಾಲ್ಕು ವರ್ಷ ಹಿರಿದು. ಭೀಮಸೇನರು ಅಲ್ಲಿಗೂ ಬಂದು ಹಾಡಿದ್ದಾರೆ. ಪಾನಕ, ಕೋಸಂಬರಿ ಉಂಟು. ಒಂಬತ್ತೂವರೆಗೆ ಮಂಗಳ ಹಾಡಿದರೆ ಹತ್ತೂವರೆಗೆ ಮನೇಲಿ ಮೊಸರನ್ನ. ಇಡೀ ರಾತ್ರಿ ಥಂಡಿಯಲ್ಲಿ ಕೂರುವುದು ಸಂಗೀತಕ್ಕೋ, ವ್ರತಕ್ಕೋ?

ಮಿರಜ ಮೀಟರ್‌ಗೇಜ್ | ನವೆಂಬರ್ 22, ಬೆಳಿಗ್ಗೆ 7:32

ಮೊಸರನ್ನ ಉಂಡು ಮಲಗಿದವರಿಗೆ ನಸಿಕಿನ ಲಲಿತ ರಾಗ ಕನಸಿನಾಗೂ ಬರೂದಿಲ್ಲರಿ.

ಬೆಳಗಾಂವ ಕುಂದಾ | ನವೆಂಬರ್ 22, ಬೆಳಿಗ್ಗೆ 10:20

ಲಲಿತದ ಮಾತು ನೀವೇ ತೆಗದ್ರಿ, ಛಲೋ ಆತು. 1978ರಾಗ ನಾನೂ ಇದ್ದೆ. ಭೀಮಸೇನರು ಹಾಡಿದ್ದು ತೋಡಿ ಅಲ್ಲ, ಲಲಿತ. ಎರಡು ಮಧ್ಯಮ ಒಂದರ ಬೆನ್ನಿಗೊಂದು ಹಚ್ಚಿ, ಪಂಚಮ ಬಿಟ್ಟು, ಅಲ್ಲೇ ನಿಂತುಬಿಟ್ಟಿದ್ರು. ಅವತ್ತಿನಿಂದ ನನಗ ಲಲಿತ ಅಂದ್ರ ಅದೇ ಮುಂಜಾನೆ.

ಇರಲಿ, ನನ್ನ ಆಯ್ಕೆ ಅದಲ್ಲ. ನನ್ನದು ಫಿರೋಜ ದಸ್ತೂರ. ಪಾರ್ಸಿ ಮನುಷ್ಯ, ಹುಡುಗ ಇದ್ದಾಗ ಸಿನಿಮಾದಾಗ ಹಾಡಿ ನಟಿಸಿದಾಂವ, ಆಮೇಲೆ ಸವಾಯಿ ಗಂಧರ್ವರ ಶಿಷ್ಯ. ಕರೀಮ್ ಖಾನರ ದನಿ ಮತ್ತ ಕೇಳಬೇಕಂದ್ರ ಇವರನ್ನ ಕೇಳ್ರಿ ಅಂತಿದ್ರು. ವೇದಿಕೆಗೆ ಬಂದು ಖಯಾಲ (ರಾಗದ ದೊಡ್ಡ ಹಾಡಿಕಿ) ಮುಗಿಸಿದ್ದೇ ತಡ, ಹಿಂದಿನ ಸಾಲಿನಿಂದ ಯಾರೋ ಒಬ್ಬಾಂವ "ಗೋಪಾಲಾ!" ಅಂತ ಕೂಗತಿದ್ದ. ಖಾನ್ ಸಾಹೇಬರ ಆ ಹಳೇ ಠುಮ್ರಿ, ಗೋಪಾಲಾ ಕರುಣಾ. ವರ್ಷಾ ವರ್ಷಾ ಅದೇ ಫರ್ಮಾಯಿಷಿ, ವರ್ಷಾ ವರ್ಷಾ ಅದೇ ಹಾಡು. ಬ್ಯಾಸರಾ ಬರೂದಿಲ್ಲೇನು ಅಂತ ನನ್ನ ಹೆಂಡತಿ ಕೇಳಿದ್ಲು. ನಾ ಹೇಳಿದೆ, ನಿನ್ನ ಕೈಯಾಗಿನ ಆಮಟಿ ವಾರಾ ವಾರಾ ಉಣ್ತೀನಲ್ಲಾ, ಹಂಗ. ಆಕಿಗೆ ಅದು ಹೊಗಳಿಕಿ ಅಂತ ಇವತ್ತಿಗೂ ಪಟ್ಟಿಲ್ಲ.

2008ರಾಗ ದಸ್ತೂರರು ಹೋದ್ರು. ಮರುವರ್ಷ ಹಂದಿಜ್ವರದ ಸಲುವಾಗಿ ಡಿಸೆಂಬರಿನಾಗ ಉತ್ಸವ ಆಗಲಿಲ್ಲ, 2010ರ ಜನೇವರಿಗೆ ಹೋತು. ಗಂಗೂಬಾಯಿಯವರೂ 2009ರ ಜುಲೈದಾಗ ಹೋಗಿದ್ರು. ಆ ಜನೇವರಿ ಸವಾಯಿಗೆ ಹೋಗಿ ಕೂತ್ರೂ ಕೂತಂಗ ಆಗಲಿಲ್ಲ. "ಗೋಪಾಲಾ" ಅಂತ ಕೂಗಾಕ ಯಾರೂ ಇರಲಿಲ್ಲಲ್ಲ.

ಮಿರಜ ಮೀಟರ್‌ಗೇಜ್ | ನವೆಂಬರ್ 22, ಬೆಳಿಗ್ಗೆ 10:41

ತೋಡಿ ರೀ. ನಂಗ ಚಂದಂಗ ನೆನಪದ. ಸೂರ್ಯಾ ಮ್ಯಾಲ ಬಂದಿದ್ದ ಅಂತ ಹೇಳಿದೆನಲ್ಲ. ಸೂರ್ಯಾ ಬಂದ ಮ್ಯಾಲ ಲಲಿತ ಯಾಂವ ಹಾಡ್ತಾನ?

ಬೆಳಗಾಂವ ಕುಂದಾ | ನವೆಂಬರ್ 22, ಬೆಳಿಗ್ಗೆ 10:44

ಸೂರ್ಯಾ ಅಲ್ಲ, ಪೆಂಡಾಲಿನ ಬಲ್ಬು ಇದ್ದೀತು.

ಎರಡನೇ ತಂಬೂರಿ | ನವೆಂಬರ್ 22, ಮಧ್ಯಾಹ್ನ 1:30

ನೀವೆಲ್ಲ ಮುಂದೆ ಕೂತು ಕೇಳಿದವರು. ನಾನು ಹಿಂದೆ ಕೂತು ಕೇಳಿದವಳು. ಗುರುಗಳ ಹಿಂದೆ ಎರಡನೇ ತಂಬೂರಿ ಹಿಡಿದು ಒಂದು ಸಲ ಆ ವೇದಿಕೆ ಹತ್ತಿದ್ದೇನೆ. ಗುರುಗಳ ಹೆಸರು ಹೇಳುವುದಿಲ್ಲ, ಓದಿದರೆ ಬೈಯುತ್ತಾರೆ.

ಅಲ್ಲಿ ಕೂತರೆ ಹಾಡು ಕೇಳುವುದೇ ಇಲ್ಲ ಎಂಬುದು ಮೊದಲ ಸತ್ಯ. ಧ್ವನಿವರ್ಧಕಗಳ ಮುಖವೆಲ್ಲ ನಿಮ್ಮ ಕಡೆ. ನಮಗೆ ಕೇಳುವುದು ಗುರುಗಳ ಬೆನ್ನು. ತಮಾಷೆಯಲ್ಲ, ಉಸಿರು ತುಂಬಿಕೊಂಡಾಗ ಜುಬ್ಬದ ಬೆನ್ನು ಅಗಲವಾಗುತ್ತದೆ, ಅದನ್ನು ನೋಡಿಯೇ ಮುಂದಿನ ಆಲಾಪ ಎಷ್ಟು ಉದ್ದ ಎಂದು ಅಂದಾಜು.

ಎರಡನೆಯದು ಥಂಡಿ. ಗ್ರೀನ್‌ರೂಮಿನಲ್ಲಿ ಒಂದು ಗಂಟೆ ಕೂತು ಶ್ರುತಿ ಮಾಡಿರುತ್ತೇವೆ. ತಂಬೂರಿಯ ಬುರುಡೆ ಸೋರೆಕಾಯಿಯದು, ಅದರ ಮೇಲಿನ ಹಲಗೆ, ತಬಲಿ, ಮರದ್ದು, ತಂತಿ ಲೋಹದ್ದು. ಬೆಚ್ಚಗಿನ ಕೋಣೆಯಿಂದ ತೆರೆದ ಮೈದಾನದ ಗಾಳಿಗೆ ತಂದ ಹತ್ತೇ ನಿಮಿಷಕ್ಕೆ ಮೂರಕ್ಕೂ ಮೂರು ದಿಕ್ಕು. ಮೇಲಿಂದ ದೀಪಗಳ ಕಾವು ಒಂದು ಕಡೆಯಿಂದ. ತಂತಿ ಕೂರುವ ಕುದುರೆಯ ಮೇಲಿನ ದಾರವನ್ನು ಒಂದು ಕೂದಲೆಳೆ ಸರಿಸಿದರೆ ನಾದ ತೆರೆದುಕೊಳ್ಳುತ್ತದೆ, ಇನ್ನೊಂದು ಕೂದಲೆಳೆ ಸರಿಸಿದರೆ ಸತ್ತೇಹೋಗುತ್ತದೆ. ಬೆರಳು ಥಂಡಿಗೆ ಮರಗಟ್ಟಿದಾಗ ಕೂದಲೆಳೆ ಎಲ್ಲಿ ಸಿಗಬೇಕು? ಅವತ್ತು ನಿಷಾದದ ತಂತಿ. ಮಾರವಾ, ಪಂಚಮ ಇಲ್ಲದ ರಾಗ, ಆದ್ದರಿಂದ ಮೊದಲ ತಂತಿಯನ್ನು ನಿಷಾದಕ್ಕೆ ಹಚ್ಚಿದ್ದೆವು. ಅದು ಇಳಿಯುತ್ತ ಬಂತು. ಹಾಡುವವರು ರಿಷಭದ ಮೇಲೆ ನಿಂತಿದ್ದಾರೆ, ಷಡ್ಜಕ್ಕೆ ಬರುವುದೇ ಇಲ್ಲ ಅನ್ನುವಂತೆ. ಮಾರವಾದ ರುಚಿಯೇ ಅದು, ಮನೆ ಕಾಣುತ್ತಿದ್ದರೂ ಒಳಗೆ ಹೋಗದೆ ಅಂಗಳದಲ್ಲಿ ತಿರುಗುವುದು. ಹಿಂದೆ ನನ್ನ ತಂತಿ ಮನೆಯನ್ನೇ ಕೆಡವುತ್ತಿದೆ.

ಗುರುಗಳು ತಿರುಗಿ ನೋಡಲಿಲ್ಲ. ಹಾಡುತ್ತಲೇ ಎಡಗೈ ಹಿಂದಕ್ಕೆ ಚಾಚಿ, ಬಿರಡೆಯನ್ನು ತಾವೇ ಒಂದು ಚೂರು ತಿರುಗಿಸಿದರು. ಅಷ್ಟೇ. ಸರಿಹೋಯಿತು. ಸಭೆಯಲ್ಲಿ ಯಾರೋ "ಕ್ಯಾ ಬಾತ್" ಎಂದರು. ಅದು ರಿಷಭಕ್ಕೋ, ಬಿರಡೆಗೋ ಗೊತ್ತಿಲ್ಲ. ನನ್ನ ನೆಚ್ಚಿನ ಕಛೇರಿ ಅದೇ. ಒಂದು ಸ್ವರವೂ ನೆಟ್ಟಗೆ ಕೇಳಿಸದ ಕಛೇರಿ.

(ತಂಬೂರಿ ಮಿರಜಿನದೇ. 2024ರಲ್ಲಿ ಮಿರಜಿನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಗುರುತು ಸಿಕ್ಕಾಗ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದೆವು.)

ಹಿಂಜವಡಿ ರಾತ್ರಿಪಾಳಿ | ನವೆಂಬರ್ 22, ರಾತ್ರಿ 10:02

ನಾನು ಈ ಗುಂಪಿನಲ್ಲಿ ಕಿರಿಯ ಅನ್ಸುತ್ತೆ, ಬಯ್ಯಬೇಡಿ. ಸಾಫ್ಟ್‌ವೇರು ಕೆಲಸ, ಊರು ದಾವಣಗೆರೆ, ಸಂಗೀತದ ಗಂಧಗಾಳಿ ಇರಲಿಲ್ಲ. ಮೊದಲ ಸಲ ಹೋಗಿದ್ದು ಜಾಕಿರ್ ಹುಸೇನ್ ಅವರನ್ನು ನೋಡೋಕೆ. "ಕೇಳೋಕೆ" ಅಂತ ಸುಳ್ಳು ಹೇಳಲ್ಲ, ನೋಡೋಕೇನೇ. ತಬಲಾ ಬಿಟ್ಟು ಪಕ್ಕದ ಗೆಳೆಯ ತೋರಿಸಿದ್ದು ಇನ್ನೊಂದು: ಮುಖ್ಯ ಕಲಾವಿದರು ನುಡಿಸುವಾಗ ಅವರು ಸುಮ್ಮನೆ ಠೇಕಾ (ತಾಳದ ಸಾದಾ ಪೆಟ್ಟು) ಹಿಡಿದು, ಕಣ್ಣು ಪೂರ್ತಿ ಅವರ ಕೈ ಮೇಲೇ ಇಟ್ಟು, ಮಗು ತರ ನಗ್ತಾ ಕೂತಿರ್ತಿದ್ದದ್ದು. ಅಷ್ಟು ದೊಡ್ಡ ಮನುಷ್ಯ ಇನ್ನೊಬ್ಬರ ಕೈ ನೋಡಿ ಖುಷಿಪಡೋದು ನೋಡಿದ್ದು ನಂಗೆ ತಬಲಾಗಿಂತ ದೊಡ್ಡದಾಗಿ ಉಳೀತು. 2024ರ ಡಿಸೆಂಬರ್ 15ಕ್ಕೆ ಅವರು ಹೋದ್ರು, ಕೆಲವೇ ದಿನಕ್ಕೆ ಉತ್ಸವ. ಆ ವರ್ಷ ಯಾವ ತಬಲಾ ಶ್ರುತಿ ಮಾಡುವಾಗಿನ ಸುತ್ತಿಗೆ ಸದ್ದು ಕೇಳಿದರೂ ಒಂಥರಾ ಆಗ್ತಿತ್ತು.

ಎರಡನೇದು ವೆಂಕಟೇಶ ಕುಮಾರ್. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ಕಲಿತವರು ಅಂತ ನನ್ನ ಮರಾಠಿ ಸಹೋದ್ಯೋಗಿಗೇ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಕೊನೆಗೆ ಒಂದು ಕನ್ನಡ ಪದ ಹಾಡಿದರು. ಸುತ್ತಮುತ್ತ ಹತ್ತು ಜನ ನನ್ನ ಕಡೆ ತಿರುಗಿ ಅರ್ಥ ಏನು ಅಂದ್ರು. ನಾನು ಹೇಳಿದೆ. ಹೇಳುವಾಗ ಗಂಟಲು ಯಾಕೆ ಕಟ್ಟಿತೋ.

ಒಂದು ದೂರು. ಎಲ್ಲರೂ ರಾತ್ರಿಯಿಡೀ ಅಂತೀರಿ, ನಾನು ನೋಡಿದ ಸವಾಯಿ ರಾತ್ರಿ ಹತ್ತಕ್ಕೆ ಮುಗಿಯುತ್ತೆ. ನನ್ನ ಪಾಳಿ ಶುರುವಾಗೋದೇ ಹತ್ತೂವರೆಗೆ! ಒಂದು ರೀತಿ ನನಗೆ ಅನುಕೂಲ, ಆದರೆ ನಾನು ಲಲಿತವನ್ನು ಎದುರಿಗೆ ಕೂತು ಒಮ್ಮೆಯೂ ಕೇಳಿಲ್ಲ.

ಕೋಥರೂಡ ಕನ್ನಡತಿ | ನವೆಂಬರ್ 22, ರಾತ್ರಿ 10:50

ತಮ್ಮಾ, ಬೈಯುವವರು ಯಾರೂ ಇಲ್ಲ. ನೀನು ಹೇಳಿದ್ದರಲ್ಲೇ ದೊಡ್ಡ ವಿಷಯವಿದೆ.

ಧ್ವನಿವರ್ಧಕದ ನಿಯಮ ಬಿಗಿಯಾದ ಮೇಲೆ ಹತ್ತು ಗಂಟೆಯ ಗೆರೆ. ಒಂದು ದಿನ ಮಾತ್ರ ಮಧ್ಯರಾತ್ರಿವರೆಗೆ ಸಡಿಲಿಸುತ್ತಾರೆ. ನಿಯಮ ತಪ್ಪು ಅನ್ನಲಾರೆ. ಸುತ್ತಲಿನ ಮನೆಗಳಲ್ಲೂ ಪರೀಕ್ಷೆಯ ಮಕ್ಕಳು, ಕಾಯಿಲೆಯವರು ಇದ್ದಾರೆ, ನಾನೂ ಅಂಥ ಮನೆಯಲ್ಲೇ ಇದ್ದೆ. ಆದರೆ ಸಂಗೀತಕ್ಕೆ ಆದ ನಷ್ಟವನ್ನು ಲೆಕ್ಕ ಹಾಕಿ. ಕಾರ್ಯಕ್ರಮ ಶುರುವಾಗುವುದು ಮಧ್ಯಾಹ್ನ. ಹಾಗಾಗಿ ಭೀಮಪಲಾಸ್, ಪಟದೀಪ, ಮುಲ್ತಾನಿ, ಮಧುವಂತಿ, ಆಮೇಲೆ ಪೂರಿಯಾ ಧನಾಶ್ರೀ, ಮಾರವಾ, ಯಮನ್, ಮಾರೂಬಿಹಾಗ, ಬಾಗೇಶ್ರೀ, ಅಲ್ಲಿಗೆ ಗಡಿಯಾರ ಕೈ ತೋರಿಸುತ್ತದೆ. ಒಂದೇ ಉತ್ಸವದಲ್ಲಿ ಮೂರು ಸಲ ಮುಲ್ತಾನಿ ಕೇಳಿದ್ದೇನೆ. ನಡುರಾತ್ರಿಯ ದರಬಾರಿ, ಅಡಾಣಾ, ಮಾಲಕಂಸ, ಕತ್ತಲು ಹರಿಯುವ ಹೊತ್ತಿನ ಸೋಹನಿ, ಪರಜ, ಲಲಿತ, ಭಟಿಯಾರ, ಬೆಳಕಾದ ಮೇಲಿನ ರಾಮಕಲಿ, ತೋಡಿ, ಇವೆಲ್ಲ ಎಲ್ಲಿ ಹೋಗಬೇಕು? ರಾಗಕ್ಕೆ ಹೊತ್ತು ಇಲ್ಲ ಎಂದು ವಾದಿಸುವವರಿದ್ದಾರೆ, ದಕ್ಷಿಣದವರಿಗೆ ಈ ಕಟ್ಟು ಅಷ್ಟಿಲ್ಲ. ಇರಲಿ. ಆದರೆ ಹಾಡುವವರೇ ನಂಬುವಾಗ ಸಂಜೆ ಆರಕ್ಕೆ ತೋಡಿ ಹಾಡಿ ಎನ್ನಲಾದೀತೇ?

ನಾನು ಬಂದದ್ದೇ ಈ ಕಾಲಕ್ಕೆ. ಮೀಟರ್‌ಗೇಜ್ ಅಣ್ಣಾವರ ಆ ಬೆಳಗು ನನಗೂ ಕೇಳಿದ ಕಥೆಯೇ.

ಹತ್ತು ಗಂಟೆಯೊಳಗೂ ಸಿಕ್ಕಿದ್ದುಂಟು. ಭೀಮಸೇನರ ನಂತರ ಉತ್ಸವದ ಕೊನೆಯ ಕಛೇರಿಗೆ ಪ್ರಭಾ ಅತ್ರೆಯವರು ಕೂರುತ್ತಿದ್ದರು. ಎಂಬತ್ತು ದಾಟಿದ ಮೇಲೂ ಆ ಸೀರೆ, ಆ ಅಚ್ಚುಕಟ್ಟು, ಒಂದೊಂದೇ ಸ್ವರದ ಮೇಲೆ ಕಾಲಿಟ್ಟು ಮೆಟ್ಟಿಲು ಹತ್ತುವ ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ನಡಿಗೆ. ಅವರೂ 2024ರ ಜನವರಿಯಲ್ಲಿ ಹೋದರು. ಅದೇ ತಿಂಗಳು, ನಾಲ್ಕೇ ದಿನ ಮೊದಲು ರಶೀದ್ ಖಾನ್. ಆ ವಾರ ನಾನು ಮನೆಯಲ್ಲಿ ರೇಡಿಯೋ ಹಾಕಲಿಲ್ಲ.

ಹಾಗೇ, ಜಾಗ ಬದಲಾದದ್ದೂ ಒಂದು ಕಥೆ. 2018ರಿಂದ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಮೈದಾನ. ಅಗಲವಾಗಿದೆ, ಶೌಚಾಲಯ ಚೆನ್ನಾಗಿದೆ, ತಿಂಡಿ ಅಂಗಡಿಗಳು ಹೆಚ್ಚು. ನನ್ನ ಯಜಮಾನರಿಗೆ ಹಾಡಿಗಿಂತ ಅಲ್ಲಿನ ಥಾಲಿಪೀಠ ನೆನಪಿರುತ್ತದೆ. ರಮಣಬಾಗದಲ್ಲಿ ಮಾತ್ರ ಪೇಟೆಯ ನಡುವೆ ಇದ್ದೇವೆ ಅನ್ನಿಸುತ್ತಿತ್ತು.

ಕುಂದಗೋಳ ಹುಡುಗ | ನವೆಂಬರ್ 23, ಬೆಳಿಗ್ಗೆ 6:48

ಎಲ್ಲಾ ಓದಿದ್ನಿ. ಒಬ್ಬರಾದ್ರೂ ನಮ್ಮೂರಿನ ಹೆಸರು ತೆಗೀತೀರೇನು ಅಂತ ಕಾದ್ನಿ. ಕುಂದಗೋಳಕರ ಅಂತ ಅಡ್ಡಹೆಸರಿನಾಗ ಒಮ್ಮೆ ಬಂತು, ಅಷ್ಟ.

ಲಲಿತ ಕೇಳಬೇಕಾ? ಪುಣೆ ಬಿಡ್ರಿ, ಹುಬ್ಬಳ್ಳಿಗೆ ಬರ್ರಿ, ಅಲ್ಲಿಂದ ಅರ್ಧ ತಾಸಿನ ದಾರಿ. ನಾಡಿಗೇರ ವಾಡೇದಾಗ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಹಾಡಿಕಿ ನಡೀತದ. ಮೈದಾನ ಇಲ್ಲ, ದೊಡ್ಡ ಪರದೆ ಇಲ್ಲ. ಹಳೇ ವಾಡೆ, ಕಟ್ಟಿಗಿ ಕಂಬ, ಜಮಖಾನಿ. ಹಾಡವ್ರ ಮಾರಿ ನಿಮ್ಮಿಂದ ಹತ್ತು ಮಾರು ದೂರ. ಭೀಮಣ್ಣಾವ್ರು, ಗಂಗೂಬಾಯಿಯವ್ರು ವರ್ಷಾ ಬರತಿದ್ರು. ಪುಣೆದಾಗ ಹಾಡಿದ್ರ ಹೆಸರು, ಇಲ್ಲಿ ಹಾಡಿದ್ರ ಸೇವಾ ಅಂತ ನಮ್ಮ ಅಜ್ಜ ಹೇಳಾಂವ.

ಗಂಗೂಬಾಯಿಯವ್ರು ಹುಬ್ಬಳ್ಳಿಯಿಂದ ದಿನಾ ರೈಲಿನಾಗ ಬಂದು ಪಾಠ ಹೇಳಿಸ್ಕೊಂಡು ರಾತ್ರಿ ಗಾಡಿಗೆ ವಾಪಸ್ ಹೋಗತಿದ್ರು. ಭೀಮಣ್ಣ ಆವಾಗ ಗುರುವಿನ ಮನಿಯಾಗ ಇದ್ದು ಕೊಡಾ ಕೊಡಾ ನೀರು ಹೊರತಿದ್ದ. ಸ್ಟೇಷನ್ನಿನ ತನಕ ಅಕ್ಕನ್ನ ಕಳಿಸಾಕ ಹೋಗತಿದ್ದ ಅಂತ ನಮ್ಮೂರ ಹಿರ್ಯಾರ ಮಾತು. ಆ ದಾರಿ ಇನ್ನೂ ಅದ. ನಾ ದಿನಾ ಬೈಕ್ ಮ್ಯಾಲ ಹೋಗತೀನಿ.

ನನ್ನ ನೆಚ್ಚಿನ ಕಛೇರಿ ಯಾರದು ಅಂದ್ರ ಹೆಸರು ಗೊತ್ತಿಲ್ಲ! ನಾ ಆರೇಳು ವರ್ಷದಾಂವ, ಅವ್ವನ ತೊಡಿ ಮ್ಯಾಲ ಮಲಗಿದ್ನಿ. ಎಚ್ಚರಾದಾಗ ಕತ್ತಲದಾಗ ಯಾರೋ ಹಾಡಾಕತ್ತಿದ್ರು. ವಾಡೇದ ಅಂಗಳದಾಗ ಆಕಾಶ ಆಗಷ್ಟ ಬೆಳ್ಳಗಾಗಾಕತ್ತಿತ್ತು. ಗುಬ್ಬಿ ಸುರು ಮಾಡಿದ್ವು. ಹಾಡವ್ರು ನಿಂದ್ರಸಲಿಲ್ಲ, ಗುಬ್ಬೀನೂ ನಿಂದ್ರಸಲಿಲ್ಲ. ಅವ್ವಗ ಕೇಳಿದ್ರ "ಯಾರೋ ದೊಡ್ಡವ್ರು, ಸುಮ್ಮನ ಮಲಗ" ಅಂದ್ಲು.

ನಿವೃತ್ತ ಲೆಕ್ಕಿಗ | ನವೆಂಬರ್ 23, ಮಧ್ಯಾಹ್ನ 12:10

ಮನ್ಸೂರರ ಹೆಸರನ್ನು ಇಷ್ಟು ಹೊತ್ತಾದರೂ ಯಾರೂ ಎತ್ತದಿರುವುದು ಆಶ್ಚರ್ಯ. ಕುಮಾರ ಗಂಧರ್ವರನ್ನೂ ಮರೆತಿದ್ದೀರಿ. ಅವರ ನಿರ್ಗುಣ ಭಜನೆಯ ಬಗ್ಗೆ ಬರೆಯಲು ನನಗೆ ಶಕ್ತಿ ಸಾಲದು, ಮನ್ಸೂರರ ಬಗ್ಗೆ ಎರಡು ಮಾತು ಬರೆದೇನು.

ಸವಾಯಿಯ ಹೃದಯ ಕಿರಾಣಾ ಘರಾಣೆ. ಒಂದು ಸ್ವರ, ಅದರ ಪಕ್ಕದ ಸ್ವರ, ನಿಧಾನ, ಧ್ಯಾನ. ಆ ಹವೆಯಲ್ಲಿ ಎರಡು ದಿನ ಕೂತ ಕಿವಿಗೆ ಮಲ್ಲಿಕಾರ್ಜುನ ಮನ್ಸೂರರು ಬಂದರೆ ಚಳಿಗಾಲದಲ್ಲಿ ಬಾವಿಯ ನೀರು ಸುರಿದಂತೆ. ಅವರು ಜೈಪುರ-ಅತ್ರೌಲಿಯವರು, ಮಂಜಿಖಾನ್, ಬುರ್ಜಿಖಾನ್ ಸಾಹೇಬರ ಶಿಷ್ಯರು. ಉದ್ದದ ಪೀಠಿಕೆ ಇಲ್ಲ. ಕೂತರು, "ಆ" ಎಂದರು, ಚೀಜು (ಹಾಡಿನ ಸೊಲ್ಲು) ಶುರು. ತಾಳದ ಆವರ್ತವನ್ನು ಹೆಣೆಯುತ್ತ ಹೋಗುತ್ತಾರೆ, ಎಲ್ಲಿ ಉಸಿರು ತೆಗೆದುಕೊಂಡರು ತಿಳಿಯುವುದಿಲ್ಲ, ಸಮ್ಮಿಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಬಿದ್ದಾಗ ಮಾತ್ರ ಓ, ಇಲ್ಲಿತ್ತೇ ಸಮ್ ಎಂದು ನಾವು ಎಚ್ಚರಾಗುತ್ತೇವೆ. ರಾಗಗಳೂ ಊರಲ್ಲಿಲ್ಲದವು: ಖಟ್, ಬಿಹಾರಿ, ಲಲಿತಾಗೌರಿ, ಏಕನಿಷಾದ ಬಿಹಾಗಡಾ. ನಾನು ಪುಸ್ತಕ ಹಿಡಿದು ರಾಗ ಬರೆದುಕೊಳ್ಳುವವನು. ಅವರ ಮುಂದೆ ಎಷ್ಟೋ ಸಲ ಪ್ರಶ್ನಾರ್ಥಕ ಚಿಹ್ನೆ ಹಾಕಿ ಪುಟ ಮಡಿಸಿದ್ದೇನೆ.

ಒಂದು ವರ್ಷ ಖಯಾಲ ಮುಗಿದ ಮೇಲೆ ಅಕ್ಕಮಹಾದೇವಿಯ ವಚನ ಎತ್ತಿಕೊಂಡರು, ಅಕ್ಕ ಕೇಳವ್ವಾ. ಸುತ್ತ ಅಷ್ಟೂ ಮಂದಿ ಮರಾಠಿಯವರು. ಒಬ್ಬರಿಗೂ ಒಂದು ಶಬ್ದ ಅರ್ಥವಾಗಿರಲಿಕ್ಕಿಲ್ಲ. ನನ್ನ ಪಕ್ಕದ ಜೋಶಿ ಆಜೋಬಾ ಮಾತ್ರ ಪ್ರತಿ ಸಲ "ಅಕ್ಕಾ" ಬಂದಾಗ ತಲೆದೂಗುತ್ತಿದ್ದರು. ಕೊನೆಗೆ ಕೇಳಿದೆ, ಅರ್ಥವಾಯಿತೇ? "ತಂಗಿಯೊಬ್ಬಳು ಅಕ್ಕನಿಗೆ ಏನೋ ಗುಟ್ಟು ಹೇಳ್ತಿದ್ದಾಳೆ, ಅಲ್ಲವೇ?" ಎಂದರು. ಕನಸಿನ ಗುಟ್ಟು ಎಂದೆ. "ಹಾಗಾದರೆ ನನಗೆ ಹೇಳಬೇಡಿ" ಎಂದು ಎದ್ದು ಚಹಾಕ್ಕೆ ಹೋದರು.

ಹೊರಗೆ ಬಂದಾಗ ಮನ್ಸೂರರು ಕಾರಿನ ಹತ್ತಿರ ನಿಂತು ಬೀಡಿ ಹಚ್ಚಿದ್ದರು. ನಮಸ್ಕಾರ ಮಾಡಿ ಧಾರವಾಡದವನು ಎಂದೆ. "ಊಟಾ ಆತೇನು?" ಎಂದರು. ಅಷ್ಟೇ ನಮ್ಮ ಸಂಭಾಷಣೆ. ಆಗಿರಲಿಲ್ಲ, ಆಗಿದೆ ಎಂದೆ.

ಜಯನಗರ ರಸಿಕ | ನವೆಂಬರ್ 23, ಮಧ್ಯಾಹ್ನ 12:45

ಸರಿ, ಸೋತೆ. ಮೊಸರನ್ನದ ಮಾತು ಹಿಂದಕ್ಕೆ ತಗೊಂಡೆ. ಒಂದೇ ಪ್ರಶ್ನೆ: ಮೊದಲ ಸಲ ಬರುವವನು ನೆಲದ ಪಾಸು ತಗೊಳ್ಳಲೋ, ಕುರ್ಚಿಯೋ? ನನಗೆ ಐವತ್ತೆಂಟು.

ಬೆಳಗಾಂವ ಕುಂದಾ | ನವೆಂಬರ್ 23, ಮಧ್ಯಾಹ್ನ 1:02

ನೆಲ ತಗೋರಿ. ಬೆನ್ನಿಗೆ ಆನಿಸಾಕ ಮಡಚೂ ಕುರ್ಚಿ ಬ್ಯಾಡ, ಹಿಂದಿನವರು ಬೈತಾರ. ಒಂದು ಗಟ್ಟಿ ಲೋಡು, ಎರಡು ಚಾದರ, ಕಿವಿಗೆ ಮಫ್ಲರ. ಸಂಜಿ ಆರರ ತನಕ ಬಿಸಲು, ಏಳಕ್ಕ ಒಮ್ಮೆಲೆ ಥಂಡಿ. ಮಂದಿ ಮೊದಲನೇ ದಿನ ಅದರಾಗ ಸಿಗತಾರ.

ಮೀಟರ್‌ಗೇಜ್ ಅವರು ಎಲ್ಲಿ? ಲಲಿತ ಒಪ್ಪಿಕೊಂಡ್ರೇನು?

ಮಿರಜ ಮೀಟರ್‌ಗೇಜ್ | ನವೆಂಬರ್ 23, ರಾತ್ರಿ 8:20

ಒಪ್ಪಿಲ್ಲ. ಆದ್ರ ಇಡೀ ದಿನ ಅಟ್ಟದ ಮ್ಯಾಲ ಇದ್ದೆ. ಕಾಕಾನ ಟ್ರಂಕಿನಾಗ ಅಂವನ ದಿನಚರಿ ಅವ, ವರ್ಷಕ್ಕೊಂದು. 1978ರದು ಸಿಕ್ತು. ಇಬ್ಬರ ಜಗಳಾ ಮುಗೀತದ ಅಂತ ಖುಷಿಲೆ ತೆಗದೆ.

ಪುಣೆದ ಪುಟಾ ಹಿಂಗ ಅದ, ಇದ್ದದ್ದು ಇದ್ದಂಗ ಬರೀತೀನಿ: "ಗಾಡಿ 2 ತಿಕೀಟು. ಮಿರಜದಾಗ ಚಹಾ 2. ಚಾದರ ಬಾಡಗಿ 1. ಹುಡುಗಗ ಮಫ್ಲರ. ಚಹಾ 4. ಬಾಯಿ ಹಾಡಿದರು. ಚಹಾ 2. ಭೀಮು ಹಾಡಿದ. ಹುಡುಗ ಮಲಗಿದ್ದ, ಎಬ್ಬಿಸಲಿಲ್ಲ."

ಮೂರು ಸಲ ಓದಿದೆ.

ಬೆಳಗಾಂವ ಕುಂದಾ | ನವೆಂಬರ್ 23, ರಾತ್ರಿ 8:31

ಮಲಗಿದ್ದ ಹುಡುಗ ಯಾರು?

ಮಿರಜ ಮೀಟರ್‌ಗೇಜ್ | ನವೆಂಬರ್ 23, ರಾತ್ರಿ 8:33

ಕಾಕಾ ಕರಕೊಂಡು ಹೋಗಿದ್ದು ನನ್ನೊಬ್ಬನ್ನ.

ಕೋಥರೂಡ ಕನ್ನಡತಿ | ನವೆಂಬರ್ 23, ರಾತ್ರಿ 9:15

ಅಣ್ಣಾವರೇ, ಈ ಡಿಸೆಂಬರಿಗೆ ಬರುವುದಾದರೆ ನಮ್ಮ ಮನೆಯಲ್ಲೇ ಇಳಿಯಿರಿ. ಜಯನಗರದವರೂ ಬರಲಿ, ಮೊಸರನ್ನ ಕಲಸಿ ಕೊಡುತ್ತೇನೆ, ಡಬ್ಬಿಯಲ್ಲಿ ತಗೊಂಡು ಹೋಗೋಣ. ಕಟಿ ರೊಟ್ಟಿ ಮಾತ್ರ ಧಾರವಾಡದಿಂದಲೇ ಬರಬೇಕು, ಇಲ್ಲಿನವು ಮೆತ್ತಗಾಗುತ್ತವೆ.

ಕುಂದಗೋಳ ಹುಡುಗ | ನವೆಂಬರ್ 23, ರಾತ್ರಿ 9:22

ಆಮ್ಯಾಲ ನಮ್ಮ ವಾಡೇಕ್ಕ. ಮೀಟರ್‌ಗೇಜ್ ಕಾಕಾರನ್ನ ಎಬ್ಬಸೂ ಜವಾಬ್ದಾರಿ ನಂದು.